ಬಳೆ ಹಿಡಿದು ಪರದೆ ಅಳೆಯುವ ಹಾವಗೆಪ್ಪ

ಬೀದರಿನ ಗಾಂಧಿ ಗಂಜದಲ್ಲಿ ಬೆಳಗು ಹರಿಯುವುದು ತೊಗರಿ ಚೀಲಗಳು ನೆಲಕ್ಕೆ ಬೀಳುವ ಸದ್ದಿನಿಂದ. ಲಾರಿಗಳ ಹಿಂಬಾಗಿಲು ತೆರೆದಿರುತ್ತದೆ, ಹಮಾಲರು ಬೆನ್ನು ಬಾಗಿಸಿ ಸಾಲಾಗಿ ನಿಂತಿರುತ್ತಾರೆ, ದಾರಿಗೆ ಅಡ್ಡಲಾಗಿ ನಿಂತ ಕೈಗಾಡಿಯೊಂದು ನಾಲ್ವರಿಂದ ಬೈಸಿಕೊಳ್ಳುತ್ತಿರುತ್ತದೆ. ಆ ಗದ್ದಲಕ್ಕೆ ಬೆನ್ನು ಮಾಡಿದ ಓಣಿಯೊಂದರಲ್ಲಿ ಅರವತ್ತೊಂದು ವರ್ಷದ ಹಾವಗೆಪ್ಪ ತಮ್ಮ ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಪೂರ್ತಿ ಎತ್ತುವುದನ್ನು ಬಿಟ್ಟು ಎರಡು ವರ್ಷವಾಯಿತು.

"ಪೂರಾ ಎತ್ತಲಿಕ್ಕ ಗಿರಾಕಿ ಇರಬೇಕಲ್ಲರಿ," ಎನ್ನುತ್ತಾರೆ. "ಬರೋರು ಒಬ್ರೋ ಇಬ್ರೋ. ಅವ್ರು ಬಗ್ಗಿ ಬರ್ತಾರ."

ಒಳಗೆ ಗೋಡೆಯುದ್ದಕ್ಕೂ ಹಳೆಯ ಟಿವಿಗಳು ಒಂದರ ಮೇಲೊಂದು ಕೂತಿವೆ. ಎಲ್ಲವೂ ಹಿಂಬದಿಗೆ ಗೂನು ಬೆನ್ನಿರುವ, ಪಿಕ್ಚರ್ ಟ್ಯೂಬಿನ ಟಿವಿಗಳು. ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದವರ ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ. ಮೇಜಿನ ಮೇಲಿನ ಟಿವಿಯ ಗುಂಡಿ ಒತ್ತುತ್ತಾರೆ. ಒಳಗೆಲ್ಲೋ ಒಣ ಕಟ್ಟಿಗೆ ಮುರಿದಂಥ ಸಣ್ಣ ಸದ್ದು. ಗಾಜಿನ ಹತ್ತಿರ ಒಯ್ದ ಮುಂಗೈಯ ಕೂದಲು ಎದ್ದು ನಿಲ್ಲುತ್ತವೆ. ಸ್ವಲ್ಪ ಹೊತ್ತಿಗೆ ಬೆಳಕು ಮೂಡಿ, ಹಳೆಯ ವಿಡಿಯೊ ಗೇಮ್ ಒಂದರ ಚಿತ್ರ ಕಾಣುತ್ತದೆ: ಗುಡ್ಡ, ನೀರು, ಮೇಲೊಂದು ದುಂಡಗಿನ ಚಂದ್ರ. ಹಾವಗೆಪ್ಪ ಮೊಳೆಗೆ ತೂಗಿದ ಹಸಿರು ಗಾಜಿನ ಬಳೆಯೊಂದನ್ನು ತೆಗೆದು ಆ ಚಂದ್ರನ ಮೇಲೆ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

"ಬಗಲಾಗ ಜರಾ ಹೊರಗ ಬಂದಾನ," ಎಂದು, ಟಿವಿಯ ಹಿಂಬದಿಗೆ ಕೈ ಹಾಕಿ ಸಣ್ಣದೊಂದು ಸ್ಕ್ರೂ ತಿರುವುತ್ತಾರೆ. ಚಂದ್ರ ಉಸಿರೆಳೆದುಕೊಂಡ ಹಾಗೆ ಒಳಗೆ ಸರಿದು ಬಳೆಯೊಳಗೆ ಕೂರುತ್ತಾನೆ.

ಬೀದರ, ಭಾಲ್ಕಿ, ಔರಾದಗಳಲ್ಲಿ ಮನೆಮನೆಗೆ ಬಣ್ಣದ ಟಿವಿ ಬರುತ್ತಿದ್ದ ದಿನಗಳಲ್ಲಿ ಹಾವಗೆಪ್ಪ ಈ ಕೆಲಸಕ್ಕೆ ಇಳಿದರು. ಹತ್ತೊಂಬತ್ತರ ವಯಸ್ಸು. ದಿನಕ್ಕೆ ಹನ್ನೆರಡು ಟಿವಿ ಬಿಚ್ಚಿ ಕಟ್ಟಿದ್ದೂ ಉಂಟು. ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. ಮೂರೂ ಊರುಗಳಲ್ಲಿ ಒಂದು ಕಾಲಕ್ಕೆ ಅವರ ಕೈಯ ಆರೈಕೆಯಲ್ಲಿ ಹದಿನೇಳು ವಿಡಿಯೊ ಗೇಮ್ ಪೆಟ್ಟಿಗೆಗಳಿದ್ದವು. ಕಪಾಟಿನಷ್ಟು ಎತ್ತರದ, ನಿಂತು ಆಡುವ ಪೆಟ್ಟಿಗೆಗಳು. ಈಗ ಉಳಿದದ್ದು ಒಂದೇ. ಅದು ಭಾಲ್ಕಿಯಲ್ಲಿದೆ, ಮತ್ತು ಅದರ ಟ್ಯೂಬು ಸಾಯುತ್ತಿದೆ.

ಹಳೆಯ ಆಟಕ್ಕೆ ಹಳೆಯ ಗಾಜೇ ಏಕೆ ಬೇಕು ಎಂದು ಕೇಳಿದರೆ ಹಾವಗೆಪ್ಪ ಮೊದಲು ಚಹಾ ತರಿಸುತ್ತಾರೆ. ಆಮೇಲೆ ಎರಡು ಟಿವಿಗಳನ್ನು ಅಕ್ಕಪಕ್ಕ ಹಚ್ಚುತ್ತಾರೆ. ಒಂದು ಟ್ಯೂಬಿನದು, ಇನ್ನೊಂದು ಗೋಡೆಗೆ ತೂಗುವ ತೆಳ್ಳಗಿನದು. ಎರಡರಲ್ಲೂ ಒಂದೇ ಆಟ, ಒಂದೇ ಜಲಪಾತ. ಟ್ಯೂಬಿನಲ್ಲಿ ನೀರು ನೀರಿನಂತೆ ಇಳಿಯುತ್ತದೆ, ಅದರ ಹಿಂದಿನ ಬಂಡೆ ಮಸುಕಾಗಿ ಕಾಣುತ್ತದೆ. ತೆಳ್ಳಗಿನದರಲ್ಲಿ ಅದೇ ನೀರು ಕಿಟಕಿಯ ಸರಳುಗಳ ಹಾಗೆ ನಿಂತಿದೆ: ಒಂದು ಬಿಳಿ ಗೆರೆ, ಒಂದು ಖಾಲಿ, ಮತ್ತೆ ಬಿಳಿ.

"ಆಟದ ಚಿತ್ರ ಬರದಾವ್ರು ಬರದದ್ದು ಇದನ್ನೇರಿ, ಈ ಸರಳು," ಎಂದು ತೆಳ್ಳಗಿನ ಟಿವಿಯನ್ನು ತೋರಿಸುತ್ತಾರೆ. "ಆದ್ರ ಅವ್ರಿಗಿ ಗೊತ್ತಿತ್ತು, ಟ್ಯೂಬಿನ್ಯಾಗ ಒಂದು ಬಣ್ಣ ಬಾಜೂದ ಬಣ್ಣದ ಮ್ಯಾಲ ಜರಾ ಹರೀತದ ಅಂತ. ಹಸಿ ಗ್ವಾಡಿಗಿ ಸುಣ್ಣ ಬಳದಂಗ. ಹರದು ಕೂಡಿ ನೀರಾಗ್ತದ. ಈ ಹೊಸಾದು ಫರಸಿ ಹಾಸಿದಂಗರಿ, ಒಂದು ಕಲ್ಲು ಇನ್ನೊಂದಕ್ಕ ಮುಟ್ಟಂಗಿಲ್ಲ."

ಹೊಸ ಪರದೆ ಕೆಟ್ಟದ್ದೆಂದು ಅವರು ಹೇಳುವುದಿಲ್ಲ. ಹೊಸ ಆಟಗಳಿಗೆ ಅದೇ ಸರಿ, ಅಷ್ಟು ಅಗಲ, ಅಷ್ಟು ಚೊಕ್ಕ. ತೊಂದರೆ ಇರುವುದು ಹಳೆಯದನ್ನು ಹೊಸದಕ್ಕೆ ಎಳೆದು ತುಂಬುವಾಗ. ಹಳೆಯ ಆಟಗಳ ಚಿತ್ರ ಹೆಚ್ಚುಕಡಿಮೆ ಚೌಕ. ಹೊಸ ಟಿವಿ ಅಗಲ. ಚಿತ್ರವನ್ನು ಅದರ ಅಳತೆಗೇ ಬಿಟ್ಟರೆ ಎರಡೂ ಬದಿಗೆ ಕರಿಯ ಪಟ್ಟಿ ಉಳಿಯುತ್ತದೆ. ಆ ಕರಿಯ ಪಟ್ಟಿಯನ್ನು ನಮ್ಮ ಜನ ಸಹಿಸುವುದಿಲ್ಲ. "ಇಷ್ಟು ದೊಡ್ಡ ಟಿವಿ ತಂದೇವಿ, ಅರ್ಧಾ ಯಾಕ ಮುಚ್ಚೀರಿ ಅಂತಾರ. ಎಳದು ಹಚ್ಚಿದ್ರ ಖುಷಿ. ಗಾಡಿ ಗಾಲಿ ತತ್ತಿ ಆಗ್ತಾವ, ಓಡೋ ಮನುಷ್ಯಾಗ ಹೊಟ್ಟಿ ಬರ್ತದ. ಅದರ ಕಡಿ ಯಾರೂ ನೋಡಂಗಿಲ್ಲ."

ಜನವಾಡದ ಒಬ್ಬರು ಕಳೆದ ವರ್ಷ ಬಂದೂಕಿನ ಆಟವೊಂದನ್ನು ಹಿಡಿದು ಬಂದಿದ್ದರು. ಪರದೆಯ ಮೇಲೆ ಹಾರುವ ಹಕ್ಕಿಗೆ ಆಟಿಕೆ ಬಂದೂಕಿನಿಂದ ಗುರಿಯಿಡುವ ಆಟ. ಮೂರು ದಿನ ಹೊಡೆದರೂ ಒಂದು ಹಕ್ಕಿ ಬಿದ್ದಿರಲಿಲ್ಲ. ಬಂದೂಕು ಕೆಟ್ಟಿದೆ ಎಂದು ಅವರ ದೂರು. ಹಾವಗೆಪ್ಪ ನಕ್ಕು, ಮೂಲೆಯ ಹದಿನಾಲ್ಕು ಇಂಚಿನ ಟ್ಯೂಬ್ ಟಿವಿಗೆ ತಂತಿ ಸಿಕ್ಕಿಸಿದರು. ಮೊದಲ ಹೊಡೆತಕ್ಕೇ ಹಕ್ಕಿ ಬಿತ್ತು. ಬಂದೂಕಿನ ಬಾಯಲ್ಲಿ ಒಂದು ಕಣ್ಣಿದೆ, ಟ್ಯೂಬು ಗೆರೆಗೆರೆಯಾಗಿ ಬೆಳಗುವ ಕ್ಷಣವನ್ನು ಮಾತ್ರ ಅದು ಗುರುತಿಸುತ್ತದೆ, ತೆಳ್ಳಗಿನ ಪರದೆಯ ಬೆಳಕು ಅದಕ್ಕೆ ತಿಳಿಯುವುದಿಲ್ಲ ಎಂದು ವಿವರಿಸಿದರು. ಜನವಾಡದವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರು ಎರಡನೇ ಹಕ್ಕಿಗೆ ಗುರಿಯಿಟ್ಟಿದ್ದರು.

ಆ ಹಸಿರು ಬಳೆ ಹಾವಗೆಪ್ಪನವರ ಹೆಂಡತಿ ಸಿದ್ದೇಶ್ವರಿಯವರದು. ಔರಾದ ಕಡೆಯ ಹೆಣ್ಣು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಲಿಂಗೈಕ್ಯರಾದರು. ಮಕ್ಕಳಿರಲಿಲ್ಲ. ಗೆರೆ ಎಳೆದ ಅಳತೆಪಟ್ಟಿ ಹಿಡಿದು ಗಂಡ ಪರದೆ ಅಳೆಯುತ್ತಿದ್ದುದನ್ನು ನೋಡಿ, "ಇಷ್ಟ್ಯಾಕ ಕಷ್ಟ ಪಡ್ತೀರಿ," ಎಂದು ಕೈಯಿಂದ ಬಳೆ ಕಳಚಿ ಕೊಟ್ಟದ್ದು ಅವರೇ. ಮದುವೆಯ ಮೂರನೇ ವರ್ಷ ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರ ಗಂಡಹೆಂಡತಿ ಸೇರಿ ಗೇಮಿನ ಅಂಗಡಿ ಹಾಕಿದಾಗ ಟೋಕನ್ ಕೊಡಲು ಸ್ಟೂಲಿನ ಮೇಲೆ ಕೂತದ್ದೂ ಅವರೇ. ಪೆಟ್ಟಿಗೆಗಳ ಮರಗೆಲಸ ಗೆಳೆಯ ಅಬ್ದುಲ ಗಫೂರರದು.

ಮೊದಲ ಪೆಟ್ಟಿಗೆ ಹೈದರಾಬಾದಿನಿಂದ ಲಾರಿಯಲ್ಲಿ ಬಂತು. ವಿಮಾನದ ಆಟ. ಬಿಚ್ಚಿ ನೋಡಿದರೆ ಒಳಗಿನ ಟ್ಯೂಬು ಬಗಲ ಮೇಲೆ ನಿಂತಿದೆ. ಎಲ್ಲ ಟಿವಿಗಳೂ ಅಡ್ಡಲಾಗಿ ಮಲಗಿರುತ್ತವೆ, ಇದು ಮಾತ್ರ ಎತ್ತರಕ್ಕೆ ನಿಂತಿದೆ. ದಾರಿಯ ಕುಣಿಗಳಲ್ಲಿ ಲಾರಿ ಎತ್ತಿಹಾಕಿ ಟ್ಯೂಬು ಹೊರಳಿ ಬಿದ್ದಿದೆ ಎಂದು ಗಫೂರರು ತೀರ್ಪು ಕೊಟ್ಟರು. ಹಾವಗೆಪ್ಪನವರಿಗೂ ಹಾಗೇ ಅನ್ನಿಸಿತು. ಇಬ್ಬರೂ ಒಂದು ಇಡೀ ದಿನ ಕೂತು ಸಾಗವಾನಿಯ ಹೊಸ ಚೌಕಟ್ಟು ಮಾಡಿ, ಟ್ಯೂಬನ್ನು "ಸರಿ" ಮಾಡಿ ಮಲಗಿಸಿದರು. ಹಚ್ಚಿದರೆ ವಿಮಾನ ಮೇಲೇರುವ ಬದಲು ಎಡದಿಂದ ಬಲಕ್ಕೆ ಹೋಗುತ್ತಿತ್ತು. ಅಂಕಿ, ಅಕ್ಷರಗಳೆಲ್ಲ ಅಡ್ಡ ಮಲಗಿದ್ದವು. ಗಫೂರರು ಅದಕ್ಕೂ ಉತ್ತರ ಹುಡುಕಿದರು: ಇದು ಜಪಾನಿನ ಮಾಲು, ಅವರು ಮೇಲಿಂದ ಕೆಳಗೆ ಬರೆಯುವವರು, ಇದು ಹೀಗೇ ಇರಬೇಕು. ಹಿಡಿಕೆಯನ್ನೂ ಪರದೆಗೆ ತಕ್ಕಂತೆ ತಿರುವಿ ಕೂಡಿಸಿದರು.

ನಾಲ್ಕು ತಿಂಗಳು ಭಾಲ್ಕಿಯ ಜನ ಆ ವಿಮಾನವನ್ನು ಹಾಗೇ ಹಾರಿಸಿದರು. ಹೈದರಾಬಾದಿನಿಂದ ಮೆಕ್ಯಾನಿಕ್ ಒಬ್ಬ ಬಂದು, ನೋಡಿ, ನಕ್ಕು ನಕ್ಕು ನೆಲಕ್ಕೆ ಕೂತು, ಅದು ನಿಂತೇ ಇರಬೇಕಾದ ಟ್ಯೂಬು, ಆಕಾಶ ಉದ್ದಕ್ಕೆ ಕಾಣಲೆಂದೇ ಹಾಗೆ ಮಾಡಿದ್ದಾರೆ ಎಂದು ತಿಳಿಸಿ, ಎಬ್ಬಿಸಿ ನಿಲ್ಲಿಸಿ ಹೋದ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆಡಾ ಇದ್ದದ್ದು ಖಡಾ ಆಯಿತು, ಮಲಗಿದ್ದು ನಿಂತಿತು.

ಮರುದಿನ ಸಿದ್ದೇಶ್ವರಿಯವರಿಗೆ ಆಡಲು ಬರಲಿಲ್ಲ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಸ್ಟೂಲಿನಿಂದ ಇಳಿದು ಬಂದು ಆ ಒಂದೇ ಆಟವನ್ನು ಅವರು ಕಲಿತಿದ್ದರು, ಕಲಿತದ್ದು ಆಡಾ. "ಅಕಿ ಅಂದ್ಲು, ಇದು ಮ್ಯಾಲ ಮ್ಯಾಲ ಹೋಗ್ತದ, ಅಲ್ಲಿ ನನ್ನೋರು ಯಾರದಾರ? ಮೊದಲಿಂದು ನಮ್ಮ ಔರಾದ ಬಸ್ಸಿನಂಗ ಸೀದಾ ಹೋಗ್ತಿತ್ತು, ಹಳ್ಳ ಬರ್ತಿತ್ತು, ಹೊಲ ಬರ್ತಿತ್ತು, ಇನ್ನ ಜರಾ ಹೋದ್ರ ತವರಮನಿ ಬರ್ತದ ಅನ್ನಸ್ತಿತ್ತು ಅಂತ." ಹಾವಗೆಪ್ಪ ಇಷ್ಟು ಹೇಳಿ ಬಳೆಯನ್ನು ಮೊಳೆಗೆ ತೂಗುತ್ತಾರೆ. ಅಂದೇ ಸಂಜೆ ಅವರು ಗಫೂರರನ್ನು ಕರೆದು ಪೆಟ್ಟಿಗೆಯನ್ನು ಮತ್ತೆ ಆಡಾ ಮಾಡಿದ್ದರು. ಆಮೇಲೆ ಮೂವತ್ತು ವರ್ಷ ಅದು ಹಾಗೇ ಇತ್ತು.

ಸಿದ್ದೇಶ್ವರಿಯವರ ಮಣ್ಣಾದ ಹದಿನೈದನೇ ದಿನ ಹಾವಗೆಪ್ಪ ಭಾಲ್ಕಿಗೆ ಹೋಗಿ, ಯಾರಿಗೂ ಹೇಳದೆ, ತಾವೇ ಅದನ್ನು ಖಡಾ ಮಾಡಿ ಬಂದರು. ಆ ವಿಮಾನ ಬಲಕ್ಕೆ ಹೋಗುವುದನ್ನು ನೋಡುವುದು ಆಗುತ್ತಿರಲಿಲ್ಲ.

ಭಾಲ್ಕಿಯ ಆ ಗೇಮಿನ ಅಂಗಡಿ ಈಗ ಪ್ರಣಾಲಿಯವರ ಕೈಯಲ್ಲಿದೆ. ಇಪ್ಪತ್ತೊಂಬತ್ತರ ಹೆಣ್ಣುಮಗಳು, ಆರು ದೊಡ್ಡ ತೆಳ್ಳಗಿನ ಟಿವಿಗಳನ್ನು ಹಾಕಿ ಅಚ್ಚುಕಟ್ಟಾಗಿ ನಡೆಸುತ್ತಿದ್ದಾರೆ. ವಿಮಾನದ ಪೆಟ್ಟಿಗೆ ಬಾಗಿಲ ಬಳಿ ನಿಂತಿದೆ. ಅದರ ಟ್ಯೂಬಿನಲ್ಲಿ ಮೊದಲು ಕೆಂಪು ಹೋಯಿತು. ಆಟದ ಆರಂಭದಲ್ಲಿ ಮೂಡುವ ಸೂರ್ಯ ಕೆಸರಿನ ಬಣ್ಣಕ್ಕೆ ತಿರುಗಿದ. ಈಗ ಚಿತ್ರ ಬರಲು ಅರ್ಧ ಗಂಟೆ ಬೇಕು. ಪ್ರಣಾಲಿ ಹೊಸ ಪರದೆಯೊಂದನ್ನು ತರಿಸಿ, ರಟ್ಟಿನ ಡಬ್ಬಿಯನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ.

"ಕಾಕಾ, ಗುರುವಾರ ತನ ನೋಡ್ತೀನ್ರಿ," ಎಂದಿದ್ದರು. "ಟ್ಯೂಬ್ ಸಿಕ್ರ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ಹೊಸಾ ಟಿವಿ ಕೂಡಸೋ ಹುಡುಗರು ಬಂದು ಇದನ್ನ ಎಳದು ಕೂಡಸ್ತಾರ."

ಟ್ಯೂಬು ಮಾಡುವ ಕಾರ್ಖಾನೆಗಳು ಮುಚ್ಚಿ ಎಷ್ಟೋ ವರ್ಷವಾಗಿದೆ. ಅದೇ ಅಳತೆಯ, ಅದೇ ದಪ್ಪ ಕುತ್ತಿಗೆಯ ಟ್ಯೂಬು ಎಲ್ಲಿದೆ ಎಂಬುದು ಹಾವಗೆಪ್ಪನವರಿಗೆ ನೆನಪಿತ್ತು. ಔರಾದಿನ ಆಚೆ ಸಿದ್ದೇಶ್ವರಿಯವರ ತವರೂರಿನಲ್ಲಿ ಕುರಿ ಸಾಕುವ ಧೊಂಡಿಬಾ ಅವರ ಮನೆಯ ಟಿವಿ. ಹಬ್ಬಕ್ಕೆ ಹೋದಾಗಲೆಲ್ಲ ಅದರ ಧೂಳು ಒರೆಸಿ ಬರುತ್ತಿದ್ದವರು ಇವರೇ. ಹೆಂಡತಿ ಹೋದ ಮೇಲೆ ಆ ಊರಿಗೆ ಕಾಲಿಟ್ಟಿರಲಿಲ್ಲ.

ಬುಧವಾರ ಬೆಳಗಿನ ಮೊದಲ ಬಸ್ಸು. ಜನವಾಡ ದಾಟುವಾಗ ಹೊಲಗಳ ಮೇಲೆ ಇನ್ನೂ ಮಂಜು. ಧೊಂಡಿಬಾ ಅಂಗಳದಲ್ಲೇ ಇದ್ದಾರೆ, ಅವರ ಹೆಂಡತಿ ಜನಾಬಾಯಿ ಒಲೆಯ ಮುಂದಿನಿಂದಲೇ ಮಾತಾಡುತ್ತಾರೆ.

"ಎರಡು ವರ್ಷ ಆತು, ಅಳಿಯಂದ್ರಿಗಿ ದಾರಿ ಈಗ ನೆಪ್ಪಾತೇನು? ಸಿದ್ದಿ ಇದ್ದಾಗ ಹೋಳಿಗಿ ತಿನ್ನಲಿಕ್ಕ ಬರ್ತಿದ್ರಿ, ಈಗ ಟಿವಿ ತಿನ್ನಲಿಕ್ಕ ಬಂದೀರಿ."

"ಟಿವಿ ಹೊಟ್ಟಿ ಅಷ್ಟೇ ಬೇಕ್ರಿ ಅಕ್ಕ."

"ಒಯ್ರಿ. ಡಬ್ಬಿ ಬಿಟ್ಟ ಹೋಗ್ರಿ, ನನ್ನ ಕೋಳಿ ಕಾವಿಗಿ ಕೂಡ್ತದ."

ಟಿವಿ ಹೆಚ್ಚು ಓಡಿಲ್ಲ. ಕುರಿ ನೋಡುವವರಿಗೆ ಟಿವಿ ನೋಡುವ ಪುರುಸೊತ್ತು ಎಲ್ಲಿಯದು ಎನ್ನುತ್ತಾರೆ ಧೊಂಡಿಬಾ. ಹಾವಗೆಪ್ಪ ಮೊದಲು ತಂತಿಯಿಂದ ಟ್ಯೂಬಿನ ಒಳಗೆ ಉಳಿದ ಕರೆಂಟನ್ನು ಇಳಿಸುತ್ತಾರೆ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಇಳಿಸುತ್ತಾರೆ. ಬಲಗೈಯ ಕಿರುಬೆರಳು ಸೆಟೆದು ನಿಂತಿರುವುದು ಒಮ್ಮೆ ಆ ಐದು ನಿಮಿಷ ಕಾಯದೆ ಹೋದದ್ದರಿಂದ. ಬಿಚ್ಚಿದ ಟ್ಯೂಬನ್ನು ಧೊಂಡಿಬಾ ತಮ್ಮ ಕಂಬಳಿಯಲ್ಲಿ ಸುತ್ತಿಕೊಡುತ್ತಾರೆ.

ಟ್ಯೂಬಿನ ಜೀವ ಇರುವುದು ಕುತ್ತಿಗೆಯಲ್ಲಿ. ಬೆರಳುದ್ದದ ತೆಳು ಗಾಜು, ಒಳಗೆ ಗಾಳಿಯಿಲ್ಲ. ಅಲ್ಲೊಂದು ಕೂದಲೆಳೆಯ ಬಿರುಕು ಬಂದರೂ ಗಾಳಿ ಒಳಗೆ ಹೋಗುತ್ತದೆ, ಕುತ್ತಿಗೆಯ ಬಳಿಯ ಬೆಳ್ಳಿಯಂಥ ಕಲೆ ಹಾಲಿನ ಹಾಗೆ ಬಿಳುಚಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಔರಾದಿನಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಹಾವಗೆಪ್ಪ ಕಂಬಳಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯನ್ನು ಕುತ್ತಿಗೆಯ ಕೆಳಗೆ ಕೊಟ್ಟು ಕೂತಿದ್ದಾರೆ. ಪಕ್ಕದ ಹೆಂಗಸು ಬಹಳ ಹೊತ್ತು ನೋಡಿ, "ದೇವರ ಮೂರ್ತಿ ಏನ್ರಿ?" ಎಂದು ಕೇಳುತ್ತಾರೆ.

"ಗಾಜಿನ ದೇವ್ರು ರಿ. ಕುತ್ತಿಗಿ ಸೂಕ್ಷ್ಮ ಅದ."

ಆಕೆ ಕಾಲು ಒಳಗೆಳೆದುಕೊಂಡು ಕೈ ಮುಗಿಯುತ್ತಾರೆ. ರಸ್ತೆಯ ಕುಣಿಯೊಂದಕ್ಕೆ ಬಸ್ಸು ಎತ್ತಿಹಾಕುತ್ತದೆ. ಒಳಗೆಲ್ಲೋ ಟಿಣ್ ಎಂದ ಹಾಗಾಗುತ್ತದೆ. ಹಾವಗೆಪ್ಪ ಕಂಬಳಿಯ ಮಡಿಕೆ ಸರಿಸಿ ನೋಡುವುದಿಲ್ಲ. ಮೂರು ನಿಲ್ದಾಣ ಹೋದ ಮೇಲೆ ನೋಡುತ್ತಾರೆ. ಬೆಳ್ಳಿ ಬೆಳ್ಳಿಯಾಗಿಯೇ ಇದೆ. ಈ ದಾರಿಯಲ್ಲಿ ಅವರು ಇಷ್ಟು ವರ್ಷಗಳಲ್ಲಿ ಒಬ್ಬರೇ ಹೋಗಿ ಬಂದದ್ದು ಇದೇ ಮೊದಲು.

ಭಾಲ್ಕಿಯ ಅಂಗಡಿಯಲ್ಲಿ ಗಫೂರರು ಕಾಯುತ್ತಿದ್ದಾರೆ. ಮಂಡಿನೋವು, ಕೈಯಲ್ಲಿ ಕೋಲು, ಪಕ್ಕದಲ್ಲಿ ಉಪಕರಣದ ಚೀಲ ಮತ್ತು ಬಟ್ಟೆ ಸುತ್ತಿದ ಇನ್ನೊಂದು ವಸ್ತು.

"ಬಂದ್ಯಾ ಹಾವಗ್ಯಾ? ನೀ ಟ್ಯೂಬ್ ತರ್ತಿ ಅಂತ ಕೂತ್ರ ನನ್ನ ಮಂಡಿನೇ ಬಿಟ್ಟು ಹೋಗ್ತಾವ."

"ನಿನ್ನ ಮಂಡಿಗಿ ಸ್ಪೇರ್ ಪಾರ್ಟ್ ಸಿಗಂಗಿಲ್ಲ ಭಾಯ್. ಕೂಡು."

ಹಳೆಯ ಟ್ಯೂಬನ್ನು ತೆಗೆದು ಹೊಸದನ್ನು, ಅಂದರೆ ಧೊಂಡಿಬಾ ಮನೆಯದನ್ನು, ನಿಂತ ಚೌಕಟ್ಟಿನಲ್ಲಿ ಕೂಡಿಸಲು ಮೂರು ಗಂಟೆ ಹಿಡಿಯುತ್ತದೆ. ಗುಂಡಿ ಒತ್ತಿದರೆ ಏನೂ ಇಲ್ಲ. ಪ್ರಣಾಲಿ ಗೋಡೆಯ ರಟ್ಟಿನ ಡಬ್ಬಿಯನ್ನು ನೋಡಿ ಬೇರೆಡೆ ನೋಡುತ್ತಾರೆ. ಹಾವಗೆಪ್ಪ ಹಿಂದೆ ಹೋಗಿ ಒಂದು ತಂತಿಯನ್ನು ಎಳೆದು ಮತ್ತೆ ಸಿಕ್ಕಿಸುತ್ತಾರೆ. ಒಣ ಕಟ್ಟಿಗೆ ಮುರಿದ ಸದ್ದು. ಮೊದಲು ಬೂದು, ಆಮೇಲೆ ನೀಲಿ, ಆಮೇಲೆ ಗುಡ್ಡಗಳ ಸಂದಿನಿಂದ ಸೂರ್ಯ. ಕೆಂಪಾದ ಸೂರ್ಯ.

"ಅಯ್ಯ ಕಾಕಾ," ಎನ್ನುತ್ತಾರೆ ಪ್ರಣಾಲಿ ಮೆಲ್ಲಗೆ. "ಇದು ಕೆಂಪಿತ್ತು ಅನ್ನೋದೇ ನನಗ ಗೊತ್ತಿದ್ದಿಲ್ಲ."

ಹಾವಗೆಪ್ಪ ಜೇಬಿನಿಂದ ಬಳೆ ತೆಗೆದು ಸೂರ್ಯನ ಮೇಲೆ ಹಿಡಿಯುತ್ತಾರೆ. ಸ್ಕ್ರೂ ತಿರುವಿ, ಹಿಡಿದು, ಮತ್ತೆ ತಿರುವುತ್ತಾರೆ. ಸರಿಯಾಗಿ ಕೂತಿತು. ಕೈ ಕೆಳಗಿಳಿಯುವುದಿಲ್ಲ. ವಿಮಾನ ತಾನಾಗಿಯೇ ಮೇಲೇರಿ ಹೋಗುತ್ತಿದೆ, ಯಾರೂ ಇಲ್ಲದ ಆಕಾಶಕ್ಕೆ.

ಅವರು ಗುಂಡಿ ಒತ್ತಿ ಆರಿಸುತ್ತಾರೆ. "ಭಾಯ್, ನಾ ಬಿಚ್ಚಿಟ್ಟಿದ್ದು ನೀ ಒಯ್ದಿದ್ದಿ, ಆ ಹಳೀ ಚೌಕಟ್ಟು ಎಲ್ಲಿ ಒಗದಿ?"

ಗಫೂರರು ಕೋಲಿನ ತುದಿಯಿಂದ ಬಟ್ಟೆ ಸುತ್ತಿದ ವಸ್ತುವನ್ನು ಮುಂದೆ ತಳ್ಳುತ್ತಾರೆ. ಸಾಗವಾನಿ ಚೌಕಟ್ಟು, ಹೊಸದಾಗಿ ಎಣ್ಣೆ ಹಚ್ಚಿದ್ದಾರೆ. "ಒಗಿಲಿಕ್ಕ ಅದು ನಿನ್ನ ಕೆಲಸ ಏನು? ನನ್ನ ಕೈಯಿಂದು."

"ಕಾಕಾ, ಆಡಾ ಮಾಡ್ತೀರೇನು?" ಪ್ರಣಾಲಿ ತಲೆ ಕೆರೆದುಕೊಳ್ಳುತ್ತಾರೆ. "ಜನ ಫೋನಿನ್ಯಾಗ ತಗದು ಹಾಕ್ತಾರ. ನಗ್ತಾರ."

"ಎಳದು ತತ್ತಿ ಮಾಡಿದ್ರ ಸುಳ್ಳಾಗ್ತದ ತಂಗಿ. ಮಲಗಸಿದ್ರ ಏನೂ ಸುಳ್ಳಾಗಂಗಿಲ್ಲ. ಬಳಿ ಹ್ಯಾಂಗ ತಿರುವಿದ್ರೂ ಬಳಿನೇ."

ಪ್ರಣಾಲಿ ರಟ್ಟಿನ ಡಬ್ಬಿಯನ್ನು ಒಳಕೋಣೆಗೆ ಎಳೆದುಕೊಂಡು ಹೋಗುತ್ತಾರೆ.

ಟ್ಯೂಬಿನ ದಿಕ್ಕು ಬದಲಿಸಿದರೆ ಭೂಮಿಯ ಅಯಸ್ಕಾಂತದ ಸೆಳೆತಕ್ಕೆ ಮೂಲೆಗಳಲ್ಲಿ ಬಣ್ಣದ ಕಲೆ ಮೂಡುತ್ತದೆ. ಅದನ್ನು ಬಿಡಿಸಲು ತಂತಿ ಸುತ್ತಿದ ದೊಡ್ಡ ಉಂಗುರವೊಂದಿದೆ. ಕರೆಂಟು ಕೊಟ್ಟು, ಅದನ್ನು ಪರದೆಯ ಮುಂದೆ ವೃತ್ತ ವೃತ್ತವಾಗಿ ಆಡಿಸುತ್ತ, ನಿಧಾನವಾಗಿ ಹಿಂದೆ ಸರಿಯಬೇಕು. ಅವಸರ ಮಾಡಿದರೆ ಕಲೆ ಹಾಗೇ ಉಳಿಯುತ್ತದೆ. ಹಾವಗೆಪ್ಪ ಕಣ್ಣು ಪರದೆಯ ಮೇಲಿಟ್ಟು ಉಂಗುರ ಎತ್ತುತ್ತಾರೆ. ಗದ್ದುಗೆಯ ಮುಂದೆ ಆರತಿ ಬೆಳಗುವವರಿಗೂ ಇದಕ್ಕಿಂತ ಹೆಚ್ಚಿನ ನಿಧಾನ ಇರಲಾರದು. ಒಂದೊಂದೇ ಹೆಜ್ಜೆ ಹಿಂದೆ ಬಂದು ಅವರು ಬಾಗಿಲ ಹೊರಗೇ ಹೋಗಿ ನಿಲ್ಲುತ್ತಾರೆ. ಯಾರೂ ತಮಾಷೆ ಮಾಡುವುದಿಲ್ಲ, ಗಫೂರರೂ.

ಸೂರ್ಯ ಈಗ ಎಡಕ್ಕೆ ಸರಿದಿದ್ದಾನೆ, ದುಂಡಗೇ ಇದ್ದಾನೆ. ಪಕ್ಕದ ಚಹಾದಂಗಡಿಯ ಸತೀಶಕುಮಾರ ಖಾಲಿ ಲೋಟ ಒಯ್ಯಲು ಬಂದು ನಿಂತುಬಿಡುತ್ತಾರೆ. ನಲವತ್ತು ದಾಟಿದ ಮನುಷ್ಯ. ಲೋಟಗಳನ್ನು ಕೆಳಗಿಟ್ಟು ಹಿಡಿಕೆ ಹಿಡಿಯುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ. ವಿಮಾನ ಹಳ್ಳ ದಾಟುತ್ತದೆ, ಹೊಲ ದಾಟುತ್ತದೆ.

"ಮತ್ತ ಮಲಗಸೀರಿ? ಛಲೋ ಆತ್ರಿ," ಎನ್ನುತ್ತಾರೆ ಪರದೆಯಿಂದ ಕಣ್ಣು ತೆಗೆಯದೆ. "ನಡುವ ನಿಂದರಸಿದಾಗ ನನಗ ಒಂದ ದಿನಾನೂ ಆಡಲಿಕ್ಕ ಆಗಿಲ್ಲ. ಅಕ್ಕೋರು ಇದರಾಗ ನನ್ನ ಸೋಲಸ್ತಿದ್ರು ನೋಡ್ರಿ, ಒಂದು ಕೈಯಾಗ ಟೋಕನ್ ಹಿಡ್ಕೊಂಡೇ."

ಹಾವಗೆಪ್ಪ ಆಡುವುದಿಲ್ಲ. ಅವರು ಎಂದೂ ಆಡಿದವರಲ್ಲ. ಮೂಲೆಯ ಟೋಕನ್ ಸ್ಟೂಲನ್ನು ಒರೆಸಿ ಅದರ ಮೇಲೆ ಕೂತು ನೋಡುತ್ತಾರೆ. ವಿಮಾನ ಬಲಕ್ಕೆ ಹೋಗುತ್ತಲೇ ಇರುತ್ತದೆ. ಬೀದರಿಗೆ ಹೋಗುವ ಬಸ್ಸು ಒಂದು ಬಂದು ಹೋಗುತ್ತದೆ, ಅವರು ಏಳುವುದಿಲ್ಲ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಅವರಿಗೆ ಹೇಳಲು ದೊಡ್ಡದೇನೂ ಇಲ್ಲ. "ಈ ಟ್ಯೂಬ್ ನನ್ನಕಿಂತ ಜಾಸ್ತಿ ದಿನ ಬಾಳ್ತದ್ರಿ. ನನ್ನ ಹಿಂದ ಯಾರರೆ ಒಬ್ರು ರಿಪೇರಿಯವ್ರು ಬರ್ತಾರ. ಅವ್ರಿಗಿ ನಮ್ಮಂಗೇ ಅನ್ನಸ್ತದ, ದಾರ್ಯಾಗ ಬಿದ್ದದ ಅಂತ. ಅದಕ್ಕ ಬರದು ಇಟ್ಟೇನಿ."

ಪೆಟ್ಟಿಗೆಯ ಹಿಂಬಾಗಿಲು ತೆರೆದರೆ ಒಳಗೆ, ಸಾಗವಾನಿಯ ಚೌಕಟ್ಟಿನ ಮೇಲೆ, ಬಿಳಿ ಬಣ್ಣದ ದುಂಡು ಅಕ್ಷರಗಳು ಇನ್ನೂ ಹಸಿಯಾಗಿವೆ: ಇದು ಬಿದ್ದಿಲ್ಲ. ಎಬ್ಬಿಸಬೇಡಿರಿ.